ನರ್ಸಮ್ಮನ ಕಾರೂ ನಮ್ಮ ಸ್ಪ್ಯಾನರಕ್ಕನೂ

ನಮ್ಮ ಬೀದಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಮೊದಲು ನೆನಪಾಗುವವಳು ಸ್ಪ್ಯಾನರಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕನೆಂದೇ ಕರೆಯುತ್ತಾರೆ. ತಂದೆಯ ಲಾರಿ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಶಾಲೆಯಲ್ಲಿ ನನ್ನ ಪಾಠ ಕೇಳುತ್ತ ಕುಳಿತಿರುವಾಗಲೂ ಉಗುರಿನ ಸಂದಿಯಲ್ಲಿ ಗ್ರೀಸು ಇರುತ್ತಿತ್ತು. ತಂದೆ ತೀರಿಕೊಂಡ ಮೇಲೆ ಇವಳು ಅಂಗಡಿ ಮುಚ್ಚುತ್ತಾಳೆಂದು ಮಾತಾಡಿಕೊಂಡವರೆಲ್ಲ ಈಗ ಅದೇ ಬಾಗಿಲಲ್ಲಿ ಸರದಿ ಕಾಯುತ್ತಾರೆ.

ಅವಳ ಕೆಲಸದ ಕ್ರಮವೇ ಬೇರೆ. ಗಾಡಿಯ ಬಾನೆಟ್ ಎತ್ತುವ ಮೊದಲು ಸ್ಟೂಲು ಹಾಕಿಕೊಂಡು ಕುಳಿತು, ಗಾಡಿಯವರಿಂದ ಕಥೆಯನ್ನೆಲ್ಲ ಕೇಳುತ್ತಾಳೆ. ಯಾವಾಗ ನಿಂತಿತು, ನಿಲ್ಲುವ ಮೊದಲು ಎಂಥ ಸದ್ದು ಮಾಡಿತು, ಆಮೇಲೆ ಯಾರು ಯಾರು ಕೈ ಹಾಕಿದರು. ಆತುರದವರಿಗೆ ಇದೊಂದು ತಲೆನೋವು. ನರ್ಸಮ್ಮನ ಕಾರಿಗಾದರೋ ಈ ಪ್ರಶ್ನೆಗಳೇ ಜೀವ ಉಳಿಸಿದವು.

ನರ್ಸಮ್ಮ ಈ ಊರಿನ ಅರ್ಧ ಜನರನ್ನು ಭೂಮಿಗೆ ತಂದವರು. ಸ್ಪ್ಯಾನರಕ್ಕನೂ ಅವರ ಕೈಯಲ್ಲೇ ಹುಟ್ಟಿದವಳು. ಹೆರಿಗೆಗೆ ಕರೆ ಬಂದರೆ ತಮ್ಮ ಪುಟ್ಟ ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಸೊಂಟದ ಮೂಳೆ ಮುರಿದು ಕೋಲೂರಿ ಓಡಾಡುವಂತಾದಾಗ ಕಾರು ಹಿತ್ತಲಿನ ಶೆಡ್ ಸೇರಿತು. ಮೂಳೆ ಕೂಡಿಕೊಳ್ಳುವುದಕ್ಕೂ ಧೈರ್ಯ ಕೂಡಿಕೊಳ್ಳುವುದಕ್ಕೂ ವರ್ಷಗಳೇ ಹಿಡಿದವು. ಈಗ ಅವರು ಚೆನ್ನಾಗಿ ನಡೆಯುತ್ತಿದ್ದರು, ಡಾಕ್ಟರೂ ಗಾಡಿ ಓಡಿಸಬಹುದೆಂದಿದ್ದರು. ಅಷ್ಟರಲ್ಲಿ ಅವರ ಅಳಿಯನ ಮುದ್ರಣಾಲಯಕ್ಕೆ ಕಾಗದ ಕತ್ತರಿಸುವ ಹೊಸ ಯಂತ್ರ ಬಂದಿತು. ಅದನ್ನಿಡಲು ಶೆಡ್ ಬೇಕಾಯಿತು.

"ಅತ್ತೇ, ಶನಿವಾರದೊಳಗೆ ನಿಮ್ಮ ಕಾರು ಒಂದು ಸಲ ಗುರ್ ಅಂದ್ರೆ ಜಾಗ ನಿಮ್ಮದೇ. ಇಲ್ಲಾಂದ್ರೆ ಗುಜರಿಯವನನ್ನ ಕರೀತೀನಿ," ಎಂದ ಅಳಿಯ. ಕೆಟ್ಟವನಲ್ಲ, ಲೆಕ್ಕಾಚಾರದವನು.

"ಕರೀರಿ ಅಳಿಯಂದ್ರೇ. ಬರಿಗೈಲಿ ವಾಪಸ್ ಹೋಗೋದು ಅವನಿಗೂ ಅಭ್ಯಾಸ ಆಗ್ಲಿ," ಎಂದರು ನರ್ಸಮ್ಮ. ಬಾಯಿ ಜೋರಾಗಿತ್ತು, ಮುಖ ಸಪ್ಪಗಾಗಿತ್ತು. ಆ ಕಾರು ಹೋಯಿತೆಂದರೆ ಇನ್ನು ಎಲ್ಲಿಗೆ ಹೋಗಬೇಕಾದರೂ ಅಳಿಯನ ಬಿಡುವು ನೋಡಬೇಕು, ಮಗಳ ಮುಖ ನೋಡಬೇಕು. ಯಾರಿಗೂ ಕಾದು ಕುಳಿತ ಹೆಂಗಸಲ್ಲ ಅವರು.

ಸ್ಪ್ಯಾನರಕ್ಕ ಬಂದಳು, ಸ್ಟೂಲು ಹಾಕಿದಳು. "ನಿಲ್ಲಿಸಿದ ದಿನ ಏನೇನು ಮಾಡಿದ್ರಿ ನರ್ಸಮ್ಮ?"

"ಏನ್ ಮಾಡ್ತೀನಿ? ಒರೆಸಿ ಹೊದಿಕೆ ಹಾಕ್ದೆ."

ಅಕ್ಕ ಕೆಲಸಕ್ಕೆ ಇಳಿದಳು. ಟ್ಯಾಂಕಿನಲ್ಲಿದ್ದ ಪೆಟ್ರೋಲು ಹಳೆಯ ವಾರ್ನಿಷಿನಂತೆ ನಾರುತ್ತಿತ್ತು. ಅದನ್ನು ಬಸಿದು ತೊಳೆದಳು. ಏರ್ ಫಿಲ್ಟರಿನಲ್ಲಿ ಇಲಿಯೊಂದು ಹತ್ತಿಯ ಹಾಸಿಗೆಯನ್ನೇ ಮಾಡಿಕೊಂಡಿತ್ತು. ಕಾರ್ಬುರೇಟರನ್ನು ಬಿಚ್ಚಿ, ಕೂದಲೆಳೆಯಂಥ ತಂತಿಯಿಂದ ಅದರ ಸಣ್ಣ ತೂತುಗಳನ್ನು ಬಿಡಿಸಿದಳು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಅವಿದ್ದ ತೂತುಗಳಲ್ಲಿ ಡೀಸೆಲ್ ಬೆರೆಸಿದ ತೆಳು ಎಣ್ಣೆ ಬಿಟ್ಟು, ನೆನೆಯಲು ಬಿಟ್ಟಳು. ಮರುದಿನ ಎಂಜಿನ್ನಿನ ಮುಂದಿನ ದೊಡ್ಡ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ಅದರ ಮರುದಿನವೂ ಅಷ್ಟೇ.

ಅಳಿಯ ತನ್ನ ವ್ಯಾನಿನ ಬ್ಯಾಟರಿಯನ್ನು ಹೊತ್ತು ತಂದ. "ಒಂದೇ ಒಂದು ಸಲ ಕೀ ಕೊಟ್ಟು ನೋಡೋಣ ಅಕ್ಕ."

"ಕೈಯಲ್ಲಿ ತಿರುಗೋ ತನಕ ಕೀ ವಿಷಯ ಎತ್ತಬೇಡಿ. ಒಳಗೆ ಪಿಸ್ಟನ್ ಕಚ್ಚಿಕೊಂಡಿದೆ. ಬಲವಂತ ಮಾಡಿದ್ರೆ ರಿಂಗು ಮುರಿಯುತ್ತೆ. ಆಮೇಲೆ ಗುಜರಿಯವನೂ ಮೂಗು ಮುರೀತಾನೆ."

ಅವಳು ತಂತಿಯ ತುದಿಗೆ ಬಟ್ಟೆ ಸುತ್ತಿ ಪ್ಲಗ್ಗಿನ ತೂತಿನೊಳಗೆ ಆಡಿಸಿ ತೆಗೆದಳು. ತುಕ್ಕಿನ ಕೆಂಪು ಎಲ್ಲಿಯೂ ಇರಲಿಲ್ಲ. ಗೋಂದಿನಂಥ ಹಳದಿ ಅಂಟು ಹತ್ತಿಕೊಂಡಿತ್ತು. ಮೂಸಿದಳು, ಬೆರಳಲ್ಲಿ ಉಜ್ಜಿದಳು, ಅಳಿಯ ಅತ್ತ ಹೋಗುವವರೆಗೆ ಕಾದಳು. ಆಮೇಲೆ ಆ ಬಟ್ಟೆಯನ್ನು ಹಿಡಿದುಕೊಂಡು ನೇರ ಅಡುಗೆಮನೆಗೆ ನಡೆದಳು. ಕಾರಿನ ಸುದ್ದಿ ಕೇಳಲು ಬಂದಿದ್ದ ನಾನು ಅಲ್ಲಿಯೇ ಮೇಜಿನ ಬಳಿ ಚಹಾ ಕುಡಿಯುತ್ತಿದ್ದೆ.

"ನರ್ಸಮ್ಮ, ಈ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಮೂಗು ಹಿಡಿದು ಕುಡಿಸ್ತಿದ್ರಲ್ಲ?"

ನರ್ಸಮ್ಮ ತೊಳೆದ ಲೋಟವನ್ನೇ ಮತ್ತೆ ತೊಳೆದರು. "ಎಂಜಿನ್ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ನಿಲ್ಲಿಸಿದ್ರೆ ತುಕ್ಕು ಹಿಡಿಯಲ್ಲ ಅಂತ ಯಾರೋ ಹೇಳಿದ್ರು ಕಣೇ. ನಮ್ಮನೇಲಿದ್ದ ಒಳ್ಳೇ ಎಣ್ಣೆ ಅಂದ್ರೆ ಹರಳೆಣ್ಣೆ. ಪ್ಲಗ್ ಬಿಚ್ಚಿ ಆ ತೂತಿಗೇ ಧಾರಾಳವಾಗಿ ಹುಯ್ದೆ. ನನ್ನ ಕಾರನ್ನ ನಾನೇ ಕೊಂದೆ ಅಲ್ವಾ?"

"ಕೊಂದಿಲ್ಲ. ತುಕ್ಕು ಹಿಡಿಯದ ಹಾಗೆ ಕಾಪಾಡಿದ್ದೀರಿ. ಕಾಪಾಡಿದ್ದು ಸ್ವಲ್ಪ ಜಾಸ್ತಿ ಆಗಿದೆ. ಆದ್ರೆ ಈ ಅಂಟು ಡೀಸೆಲ್‌ಗೆ ಬಗ್ತಾ ಇಲ್ಲ."

"ಅದು ಹೇಗೆ ಬಗ್ಗುತ್ತೆ?" ನರ್ಸಮ್ಮನ ದನಿ ತಟ್ಟನೆ ಆಸ್ಪತ್ರೆಯ ದನಿಯಾಯಿತು. "ಹರಳೆಣ್ಣೆ ಹಿಡಿದ ಸೀಸೆಗಳನ್ನ ನಾವು ಸ್ಪಿರಿಟ್‌ನಲ್ಲಿ ನೆನೆಸಿ ತೊಳೀತಿದ್ವಿ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಔಷಧದ ಅಂಗಡಿಗೆ ನಾನೇ ಹೋಗಿ ಸ್ಪಿರಿಟ್ ತಂದೆ.

ಅಕ್ಕ ಡೀಸೆಲನ್ನೆಲ್ಲ ಹೀರಿ ತೆಗೆದು, ಸ್ಪಿರಿಟನ್ನು ಬಿಟ್ಟಳು. ಇಂಗಿದಂತೆಲ್ಲ ಮತ್ತೆ ಬಿಟ್ಟಳು. ಶನಿವಾರ ಬೆಳಗ್ಗೆ ಗುಜರಿಯವನು ಲಾರಿ ತಂದು ನಿಲ್ಲಿಸಿ, ಶೆಡ್ಡಿನ ಬಾಗಿಲಲ್ಲಿ ಸಿಗರೇಟು ಹಚ್ಚಿದ.

"ಅಣ್ಣಾ, ಮೊದ್ಲು ಅದನ್ನ ಆರಿಸಿ. ಇಲ್ಲಿ ತುಂಬ ಸ್ಪಿರಿಟ್ ಇದೆ. ಕಾರಿನ ಜೊತೆ ನಮ್ಮನ್ನೂ ತುಂಬಿಕೊಂಡು ಹೋಗಬೇಕಾಗುತ್ತೆ," ಎಂದಳು ಅಕ್ಕ.

ಅವನು ಬೆಚ್ಚಿ ಬೀದಿಯ ತುದಿಯವರೆಗೂ ಓಡಿದ. ಅಕ್ಕ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟಳು. ಕೂದಲೆಳೆಯಷ್ಟು ಜರುಗಿತು. ಹಿಂದಕ್ಕೆ ಒಂದಿಷ್ಟು, ಮುಂದಕ್ಕೆ ಒಂದಿಷ್ಟು, ಅಳುವ ಮಗುವನ್ನು ರಮಿಸುವಂತೆ ಆಡಿಸುತ್ತ ಹೋದಳು. ಕೊನೆಗೆ ಎಂಜಿನ್ನು ಪೂರಾ ಒಂದು ಸುತ್ತು ಸುತ್ತಿತು.

"ಏನಾಗಿತ್ತಕ್ಕ?" ಎಂದ ಅಳಿಯ.

"ಹಳೇ ಎಣ್ಣೆ ಅಂಟಿಕೊಂಡಿತ್ತು," ಎಂದಳು ಅಕ್ಕ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ. ನಾನು ಅವಳನ್ನು ಮೆಚ್ಚಿಕೊಳ್ಳಲು ಆ ಒಂದು ಮಾತೇ ಸಾಕು. ಆದರೆ ನರ್ಸಮ್ಮನೇ ಮುಂದೆ ಬಂದು, "ಎಣ್ಣೆ ಹುಯ್ದೋಳು ನಾನು ಅಳಿಯಂದ್ರೇ. ನಗೋದಿದ್ರೆ ಈಗಲೇ ನಕ್ಕುಬಿಡಿ," ಎಂದರು. ಅವನು ಶೆಡ್ಡು ಅದುರುವಂತೆ ನಕ್ಕ.

ಒಳಗಿದ್ದ ಎಂಜಿನ್ ಆಯಿಲನ್ನೆಲ್ಲ ಬಸಿದು ಹೊಸದನ್ನು ತುಂಬಿದ್ದಾಯಿತು. ಟ್ಯಾಂಕಿಗೆ ಹೊಸ ಪೆಟ್ರೋಲು, ರೇಡಿಯೇಟರಿಗೆ ನೀರು ಹುಯ್ದು, ಪ್ಲಗ್ಗುಗಳಿಲ್ಲದೆಯೇ ಬ್ಯಾಟರಿಯಿಂದ ತಿರುಗಿಸಿ, ಉಳಿದ ಸ್ಪಿರಿಟನ್ನು ಹೊರಗೆ ಊದಿಸಿದಳು. ಹೊಸ ಎಣ್ಣೆ ಎಂಜಿನ್ನಿನ ತಲೆಯವರೆಗೂ ಏರಿದ್ದನ್ನು ಕಣ್ಣಾರೆ ಕಂಡ ಮೇಲೆ ಬಾಗಿಲು ಕಿಟಕಿ ತೆರೆಸಿ, ಗಾಳಿಯಾಡಲು ಬಿಟ್ಟು, ಆಮೇಲಷ್ಟೇ ಪ್ಲಗ್ಗುಗಳನ್ನು ಕೂಡಿಸಿದಳು. ಕೀಯನ್ನು ನರ್ಸಮ್ಮನ ಕೈಗೆ ಕೊಟ್ಟಳು.

ಎರಡು ಸಲ ಬರೀ ಉಸಿರೆಳೆದು ಸುಮ್ಮನಾಯಿತು. ಮೂರನೆಯ ಸಲ ಢಬ್ ಎಂದು ಬಿಳಿಯ ಹೊಗೆ ಉಗುಳಿ, ಕುಂಟುತ್ತ ಕುಂಟುತ್ತ ಓಡತೊಡಗಿತು. ನೋಡನೋಡುತ್ತಿದ್ದಂತೆ ಅದರ ಸದ್ದು ಒಂದೇ ಹದಕ್ಕೆ ಬಂದಿತು. ನರ್ಸಮ್ಮ ಸ್ಟೀರಿಂಗ್ ಹಿಡಿದು ಅಳುತ್ತಿದ್ದರು.

ಗುಜರಿಯವನು ಖಾಲಿ ಲಾರಿಯನ್ನೇರಿ ಹೊರಟ. ಅಳಿಯ ಟೇಪು ಹಿಡಿದು ವೆರಾಂಡದ ಅಗಲ ಅಳೆಯಲು ಹೋದ.

"ಬೀದಿ ತುದಿ ತನಕ ಒಂದು ಸುತ್ತು ಹೋಗಿ ಬರ್ಲಾ ಮಗಳೇ?" ಎಂದು ನರ್ಸಮ್ಮ ಗೋಗರೆದರು.

"ಅದಕ್ಕೆ ಹೊರಡೋದು ಮಾತ್ರ ಬಂದಿದೆ ನರ್ಸಮ್ಮ, ನಿಲ್ಲೋದು ಬರುತ್ತೋ ಇಲ್ವೋ ನಾನಿನ್ನೂ ನೋಡಿಲ್ಲ," ಎಂದಳು ಸ್ಪ್ಯಾನರಕ್ಕ. ಕೀಯನ್ನು ಇಸಿದುಕೊಂಡು, ಜಾಕಿ ಎಳೆದುಕೊಂಡು, ಬ್ರೇಕ್ ಬಿಚ್ಚಲು ಮುಂದಿನ ಚಕ್ರದ ಹತ್ತಿರ ಕುಳಿತಳು.