ಬಾಗಿಲಲ್ಲಿ ತೆಗೆದಿಟ್ಟ ಹೂವು

ಹುಣಸೂರಿನ ಆ ಕಾಫಿ ವರ್ಕ್ಸಿನಲ್ಲಿ ಬೀಜ ಆರಿಸುವ ಹಾಲಿಗೆ ಹೂ ಮುಡಿದು ಯಾರೂ ಹೋಗುತ್ತಿರಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಒಂದು ಒದ್ದೆ ಬಟ್ಟೆ ಹಾಸಿರುತ್ತಿತ್ತು. ಬೆಳಿಗ್ಗೆ ಬಂದ ಹೆಂಗಸರು ಮುಡಿಯಿಂದ ಮಲ್ಲಿಗೆಯ ತುಂಡು ತೆಗೆದು ಅದರ ಮೇಲಿಟ್ಟು ಒಳಗೆ ಹೋಗುವರು. ಸಂಜೆ ಗಂಟೆ ಹೊಡೆದ ಮೇಲೆ ತಂತಮ್ಮ ಹೂವನ್ನು ಗುರುತು ಹಿಡಿದು, ಮತ್ತೆ ಮುಡಿದು ಬಸ್ಸು ಹತ್ತುವರು. ಇದು ಮಾಲೀಕರು ಮಾಡಿದ ಕಟ್ಟಳೆಯಲ್ಲ. ಅಲ್ಲಿನ ಹಳಬಳಾದ ಭದ್ರಮ್ಮ ಕೆಲಸಕ್ಕೆ ಸೇರುವ ಮೊದಲೇ ಹೆಂಗಸರು ತಾವಾಗಿ ಮಾಡಿಕೊಂಡದ್ದು. ಒಳಗೆ ಕಣ್ಣು ಕೈಗಳಷ್ಟೇ ಮೂಗಿಗೂ ಕೆಲಸವಿತ್ತು.

ಆ ಕೆಲಸವೆಂದರೆ ನಾತದ ಬೀಜ ಹುಡುಕುವುದು. ಕಪ್ಪು ಬೀಜ, ಒಡೆದ ಬೀಜ, ಹುಳು ಕೊರೆದ ಬೀಜ ಕಣ್ಣಿಗೇ ಕಾಣುತ್ತವೆ. ಅವನ್ನು ತೆಗೆಯುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಹಣ್ಣು ತೊಟ್ಟಿಯಲ್ಲಿ ಅತಿಯಾಗಿ ಕೊಳೆತಾಗ ಹುಟ್ಟುವ ನಾತದ ಬೀಜ ಹಾಗಲ್ಲ. ಮೇಲ್ನೋಟಕ್ಕೆ ಅದೂ ಅಕ್ಕಪಕ್ಕದ ಬೀಜದಂತೆಯೇ. ಕಿಟಕಿಯ ಬೆಳಕಿಗೆ ಹಿಡಿದರೆ ನಡುಗೆರೆಯಲ್ಲಿ ಒಂದಿಷ್ಟು ಕಂದು ಮಂಕು, ಉಗುರಿನಿಂದ ಕೆರೆದರೆ ಒಂದು ಎಳೆ ವಾಸನೆ. ಅಷ್ಟೇ ಗುರುತು. ಒಂದು ಉಳಿದರೂ ಅದರ ಜೊತೆ ಹುರಿದದ್ದೆಲ್ಲ ನಾರುತ್ತದೆ. ರುಚಿ ನೋಡುವವರು ಒಂದು ಗುಟುಕಿಗೇ ಮುಖ ಕಿವುಚಿ ಇಡೀ ಲಾಟನ್ನು ಹಿಂದಕ್ಕೆ ಕಳಿಸುತ್ತಾರೆ.

ಇದರಲ್ಲಿ ಭದ್ರಮ್ಮನನ್ನು ಮೀರಿಸುವವರು ಆ ಹಾಲಿನಲ್ಲಿ ಇರಲಿಲ್ಲ. ಕಟ್ಟೆಮಳಲವಾಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಸೇರಿದವಳು, ಅದೇ ಕೆಲಸದಲ್ಲಿ ದೊಡ್ಡ ಮಕ್ಕಳನ್ನು ದಡ ಸೇರಿಸಿದ್ದಳು. ಉತ್ತರದ ಕಿಟಕಿಯ ಕೆಳಗಿನ ಜಾಗ ಅವಳದು. "ನಮ್ ಭದ್ರಕ್ಕಂಗೆ ಹೂ ತೆಗೆದಿಡೋ ಕೆಲ್ಸಾನೆ ಇಲ್ಲ, ಅದಕ್ಕೇ ಮೂಗು ಅಷ್ಟ್ ಚುರುಕು" ಎಂದು ಪಕ್ಕದಲ್ಲಿ ಕೂರುವ ತಿಮ್ಮಮ್ಮ ಒಮ್ಮೆ ಬಾಯಿ ತಪ್ಪಿ ಅಂದು, ನಾಲಿಗೆ ಕಚ್ಚಿಕೊಂಡಿದ್ದಳು.

ಭದ್ರಮ್ಮ ನಕ್ಕಿದ್ದಳು. "ದಿಟಾನೆ ಕಣೇ. ಆ ಮನುಷ್ಯ ಓಗ್ತಾ ಅದೊಂದ್ ಅನುಕೂಲ ಮಾಡಿಟ್ಟೋದ."

ಎರಡು ಸಾವಿರದ ನಾಲ್ಕನೇ ಇಸವಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹೊತ್ತಿನಲ್ಲಿ ವರ್ಕ್ಸಿಗೆ ಹೊರದೇಶದವರ ಒಂದು ಸಣ್ಣ ತಂಡ ಬಂತು. ಗಂಡಸರು ಯಂತ್ರಗಳ ಕಡೆ ಹೋದರು. ತಂಡದಲ್ಲಿದ್ದ ಒಬ್ಬಳೇ ಹೆಂಗಸನ್ನು ಸೂಪರ್‌ವೈಸರ್ ಶಿವಶಂಕರ ಆರಿಸುವ ಹಾಲಿಗೆ ಕರೆತಂದ. ನೇಯ್ಗೆಯ ಅಂಚಿನ ಉದ್ದ ಲಂಗ, ಗಂಟು ಹಾಕಿದ ಕೂದಲು, ಬಿಸಿಲುಂಡ ಕೆನ್ನೆ. ಹೆಸರು ಚಂತಾ.

"ಲಾವೋಸ್ ಅಂತ ಒಂದು ದೇಶ, ಭದ್ರಮ್ಮನೋರೆ" ಎಂದ ಶಿವಶಂಕರ. "ಅದೂ ಅದರ ಸುತ್ತಮುತ್ತಲ ದೇಶಗಳೂ ಸೇರ್ಕೊಂಡು ಒಂದು ಒಪ್ಪಂದ ಮಾಡ್ಕೊಂಡವೆ. ಇನ್ನು ನಾಕೈದು ವರ್ಷಕ್ಕೆ ಅವರವರ ನಡುವೆ ಸುಂಕ ಇರಲ್ಲ. ಎಲ್ಲಾರ ಮಾಲೂ ಎಲ್ಲಾ ಕಡೆಗೂ ಓಡಾಡ್ತದೆ."

"ಒಳ್ಳೇದೇ ಆಯ್ತಲ್ಲ ಸಾರ್."

"ಚೊಕ್ಕ ಮಾಲು ಇದ್ದೋರಿಗೆ ಒಳ್ಳೇದು. ಪಕ್ಕದ ದೇಶದ ಕಾಫಿ ದಂಡಿಯಾಗಿ ಬಂದ್ಬಿಟ್ರೆ ಇವ್ರ ಕಸಕಡ್ಡಿ ಕಾಫಿ ಯಾರ್ ಕೇಳ್ತಾರೆ? ಬಾಗಿಲು ತೆಗೆಯೋಕ್ಮುಂಚೆ ಕಲ್ತ್ಕೊಳ್ಳೋಣ ಅಂತ ಬಂದವ್ರೆ. ಈಯಮ್ಮ ತಮ್ಮೂರಿನ ಹೆಂಗಸರ ಸಂಘದ ಮುಖ್ಯಸ್ಥೆ. ಅವರೂರ ಬೀಜಾನೂ ಒಂದ್ ಮೂಟೆ ತಂದವ್ರೆ. ನೀವು ಕಲಿಸ್ಬೇಕು, ಈಯಮ್ಮ ಆರಿಸ್ಬೇಕು, ಕಡೇ ದಿನ ಅದನ್ನ ಹುರಿದು ರುಚಿ ನೋಡ್ತಾರೆ. ಅದು ಪಾಸಾದ್ರೆ ಅವರೂರಾಗೂ ಇಂತದೇ ಒಂದು ಹಾಲ್ ಕಟ್ಟಿಸ್ಕೊಡ್ತಾರಂತೆ."

ಅವತ್ತು ಮಧ್ಯಾಹ್ನ ಹೊಂಗೆ ಮರದಡಿ ಬುತ್ತಿ ಬಿಚ್ಚಿದಾಗ ತಿಮ್ಮಮ್ಮ ಮಾತು ತೆಗೆದಳು. "ನಾಳೆ ನಮ್ ದೇಶಾನೂ ಇಂತದೇ ಒಪ್ಪಂದಕ್ಕೆ ಸೈನ್ ಆಕ್ತು ಅನ್ನು. ಅವ್ರ ಬೀಜ ಸೀದಾ ಇಲ್ಲಿಗೇ ಬತ್ತದೆ, ಅದೂ ಆರಿಸ್ಕೊಂಡೇ ಬತ್ತದೆ. ಆಗ ನಾವೇನ್ ಮಾಡನ? ಪಿರಿಯಾಪಟ್ಣಕ್ಕೋಗಿ ಹೊಗೆಸೊಪ್ಪು ಪೋಣಿಸನ?"

ಮಾತು ತಮಾಷೆಯಂತಿದ್ದರೂ ಎಲ್ಲರ ಕೈತುತ್ತು ಅಲ್ಲಲ್ಲೇ ನಿಂತಿತ್ತು. ಕೊನೆಗೆ ಒಂದು ತೀರ್ಮಾನವಾಯಿತು. ಕಣ್ಣಿಗೆ ಕಾಣುವುದನ್ನೆಲ್ಲ ಕಲಿಸುವುದು, ನಾತದ ಬೀಜದ ಸುದ್ದಿ ಎತ್ತದಿರುವುದು.

"ಆಯಮ್ಮ ತಾನೇ ವಾಸನೆ ಹಿಡಿದ್ಬುಟ್ರೆ?" ಎಂದಳು ಒಬ್ಬಳು.

"ಅದ್ಕೆ ನಾನವ್ನಿ ಬುಡು" ಎಂದು ತಿಮ್ಮಮ್ಮ ನಕ್ಕಳು. "ನೀನೂ ಮಾತು ಕೊಡಕ್ಕ."

ಭದ್ರಮ್ಮ ತಲೆಯಾಡಿಸಿದಳು. ಅವಳಿಗೂ ಹೊಟ್ಟೆಯಿತ್ತು, ಇನ್ನೂ ಮದುವೆಯಾಗದ ಕಿರಿಮಗಳಿದ್ದಳು.

ಮರುದಿನ ಬೆಳಿಗ್ಗೆ ತಿಮ್ಮಮ್ಮ ತನ್ನ ಹೂವನ್ನು ಒದ್ದೆ ಬಟ್ಟೆಯ ಮೇಲಿಟ್ಟಳು. ಆಮೇಲೆ ಬಾಳೆಲೆಯ ಪೊಟ್ಟಣ ಬಿಚ್ಚಿ, ಎರಡು ಮೊಳ ಬಿಗಿ ಮಲ್ಲಿಗೆಯನ್ನು ಚಂತಾಳ ಮುಡಿಗೆ ಸುತ್ತಿದಳು. ಅವಳ ಸುತ್ತೆಲ್ಲ ಘಮಘಮ. ಚಂತಾಳ ಕಣ್ಣಲ್ಲಿ ನೀರೇ ಬಂತು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ವಂದಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ಅತಿಥಿಗೆ ಹೂವು ತಪ್ಪಲಿಲ್ಲ. ಅಷ್ಟು ಮಲ್ಲಿಗೆ ಮುಡಿದವಳ ಮೂಗಿಗೆ ಇನ್ನಾವ ಸಣ್ಣ ವಾಸನೆ ಸಿಕ್ಕೀತು?

ಚಂತಾ ಬೇಗ ಕಲಿತಳು. ಅವಳ ಊರಲ್ಲೂ ಮೊರದಂಥ ಬಿದಿರ ತಟ್ಟೆಯಿತ್ತು. ಕೈಗೆ ಕೇರುವ ಲಯ ಗೊತ್ತಿತ್ತು. ಭದ್ರಮ್ಮ "ಇದು" ಎಂದು ತೋರಿಸಿದ್ದನ್ನು "ಇದು" ಎಂದು ಹೆಕ್ಕುವಳು. ಇಬ್ಬರ ನಡುವೆ ಇದ್ದ ಕನ್ನಡ ಆ ಒಂದೇ ಪದ. ಹೆಚ್ಚಿನದೇನಾದರೂ ಹೇಳಬೇಕಾದರೆ ಶಿವಶಂಕರನ ಮುರುಕು ಇಂಗ್ಲಿಷಿಗೆ ಅವಳ ಮುರುಕು ಇಂಗ್ಲಿಷ್ ಕೂಡಿ ಅರ್ಥವಾಗಬೇಕು.

ಸಂಜೆ ಎಲ್ಲರೂ ಎದ್ದ ಮೇಲೆ ಭದ್ರಮ್ಮ ಸ್ವಲ್ಪ ಹೊತ್ತು ಹಿಂದೆ ಉಳಿಯುತ್ತಿದ್ದಳು. ಚಂತಾ ಆರಿಸಿಟ್ಟ ಬುಟ್ಟಿಯನ್ನು ಕಿಟಕಿಗೆ ಎಳೆದುಕೊಂಡು ಅದರಲ್ಲಿ ಉಳಿದ ನಾತದ ಬೀಜಗಳನ್ನು ತಾನೇ ಹೆಕ್ಕಿ ಹೊರಗೆಸೆಯುತ್ತಿದ್ದಳು. ಹೀಗೆ ಮಾಡಿದರೆ ಜೊತೆಯವರಿಗೆ ಕೊಟ್ಟ ಮಾತು ಉಳಿಯುತ್ತದೆ, ಅತಿಥಿಯೂ ಸೋತು ಹೋಗುವುದಿಲ್ಲ ಎಂದು ಅವಳ ಲೆಕ್ಕ. ಆದರೂ ಬಸ್ಸಿನಲ್ಲಿ ಕೂತಾಗ ಏನೋ ಕಸಿವಿಸಿ. ಉಗುರ ಸಂದಿಯಲ್ಲಿ ನಾತ ಉಳಿದಿರುತ್ತಿತ್ತು. ಸೆರಗಿಗೆ ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ.

ಚಂತಾ ಹೊರಡಲು ಎರಡು ದಿನ ಉಳಿದಿದ್ದಾಗ ಚೀಲದಿಂದ ಒಂದು ಫೋಟೋ ತೆಗೆದಳು. ಗುಡ್ಡದ ಇಳಿಜಾರಿನಲ್ಲಿ ಒಂದು ಮರದ ಮನೆ, ಅದರ ಮುಂದೆ ಬುಟ್ಟಿ ಹೊತ್ತು ನಿಂತ ಹೆಂಗಸರು. ಒಬ್ಬೊಬ್ಬರನ್ನೂ ಬೆರಳಿಟ್ಟು ತೋರಿಸುತ್ತ ಹೆಸರು ಹೇಳಿದಳು. ಆಮೇಲೆ ಶಿವಶಂಕರನ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು.

"ಏನಂತೆ ಸಾರ್?"

"ಊರಿಗೋದ ಮೇಲೆ ಇವ್ರಿಗೆಲ್ಲ ಕಲಿಸ್ತಾಳಂತೆ. ಕಿಟಕಿ ಇದೇ ಥರ ಉತ್ತರಕ್ಕೆ ಇಡಿಸ್ತಾಳಂತೆ." ಶಿವಶಂಕರ ಬಾಗಿಲ ಕಡೆ ಒಮ್ಮೆ ನೋಡಿದ. ಒದ್ದೆ ಬಟ್ಟೆಯ ಗುಟ್ಟು ಅವನಿಗೂ ಗೊತ್ತಿತ್ತು. "ಹೊಸದಾಗಿ ಕಲಿಯೋಕೆ ಬಂದೋರಿಗೆ ನೀವು ದಿನಾ ಹೂ ಮುಡಿಸ್ತೀರಲ್ಲ, ಅದು ಬಾಳ ಚಂದದ ಪದ್ಧತಿಯಂತೆ. ಅವರೂರಾಗೂ ಕಲಿಯೋ ಹುಡುಗೀರಿಗೆಲ್ಲ ಬೆಳಿಗ್ಗೆ ಬೆಳಿಗ್ಗೆ ಹಿಂಗೇ ಹೂ ಮುಡಿಸಿ ಕೂರಿಸ್ತಾಳಂತೆ."

ತಿಮ್ಮಮ್ಮನ ಕೈ ಬೀಜದ ರಾಶಿಯ ಮೇಲೆ ನಿಂತುಬಿಟ್ಟಿತು. ಭದ್ರಮ್ಮ ಫೋಟೋವನ್ನೇ ನೋಡುತ್ತಿದ್ದಳು. ಆ ಹೆಂಗಸರೆಲ್ಲ ಮಲ್ಲಿಗೆ ಮುಡಿದು ಸಾಲಾಗಿ ಕೂತಿರುವುದು, ಸಂಜೆ ಅವರ ಬುಟ್ಟಿ ತಡವಲು ಹಿಂದೆ ಯಾರೂ ಉಳಿಯದಿರುವುದು, ಮೂಟೆ ಮೂಟೆಯೇ ಹಿಂದಕ್ಕೆ ಬರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತಾಯಿತು. ಹೂವಿನ ಹೆಸರಲ್ಲಿ ನಡೆಯುವ ಆ ಕೇಡಿಗೆ ಹುಣಸೂರಿನ ಹೆಸರು ಅಂಟಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಚಂತಾ ಹೂ ಮುಡಿದೇ ಒಳಗೆ ಬಂದಳು. ಭದ್ರಮ್ಮ ಎದ್ದು ಅವಳ ಮುಡಿಯತ್ತ ಕೈ ಚಾಚಿ, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಗಂಡನಿಲ್ಲದ ತನ್ನ ಕೈಯಿಂದ ಮುತ್ತೈದೆಯೊಬ್ಬಳ ಹೂ ತೆಗೆಯುವುದೇ? ಅದಾಗದು. ಬದಲಿಗೆ ಅವಳ ಮಣಿಕಟ್ಟು ಹಿಡಿದು ಬಾಗಿಲಿಗೆ ಕರೆದೊಯ್ದು, ಒದ್ದೆ ಬಟ್ಟೆಯ ಮುಂದೆ ನಿಲ್ಲಿಸಿದಳು. ಸಾಲಾಗಿ ಮಲಗಿದ್ದ ಹೂವುಗಳನ್ನು ತೋರಿಸಿದಳು. ಆಮೇಲೆ ಒಳಗೆ ಕೂತಿದ್ದ ಬರಿ ಮುಡಿಗಳನ್ನು. ಆಮೇಲೆ ತನ್ನ ಮೂಗನ್ನು ಮುಟ್ಟಿ, ಮುಷ್ಟಿಯಲ್ಲಿದ್ದ ಒಂದು ನಾತದ ಬೀಜವನ್ನು ಉಗುರಿನಿಂದ ಕೆರೆದು ಚಂತಾಳ ಮುಖದ ಹತ್ತಿರ ಹಿಡಿದಳು.

ಚಂತಾ ಮೂಸಿದಳು. ಏನೂ ಇಲ್ಲವೆಂದು ತಲೆಯಾಡಿಸಿದಳು. ಹೂವುಗಳತ್ತ ಮತ್ತೊಮ್ಮೆ ನೋಡಿದಳು. ಅವಳ ಮುಖದಿಂದ ನಗು ನಿಧಾನಕ್ಕೆ ಇಳಿದು ಹೋಯಿತು. ತಾನೇ ಕೈ ಎತ್ತಿ ಮಲ್ಲಿಗೆಯನ್ನು ಬಿಡಿಸಿ, ಸಾಲಿನ ಕೊನೆಗೆ ಇಟ್ಟಳು. ಕಲ್ಲಿನಿಂದ ಎರಡು ಹೆಜ್ಜೆ ಸರಿದು ಇನ್ನೊಮ್ಮೆ ಮೂಸಿದಳು. ಈ ಸಲ ಮುಖ ಹಿಂದಕ್ಕೆ ಸರಿಯಿತು.

"ಇದು" ಎಂದಳು ಭದ್ರಮ್ಮ.

"ಇದು" ಎಂದಳು ಚಂತಾ. ಒಳಗೆ ಬಂದವಳು ತಿಮ್ಮಮ್ಮನತ್ತ ಒಂದು ಸಲ ನೋಡಿದಳು, ಅಷ್ಟೆ. ತಿಮ್ಮಮ್ಮ ತಲೆ ತಗ್ಗಿಸಿದಳು.

ಭದ್ರಮ್ಮ ಅವಳನ್ನು ಕಿಟಕಿಯ ಕೆಳಗೆ, ತನ್ನ ಜಾಗದಲ್ಲೇ ಕೂರಿಸಿದಳು. ಮಂಕು ಹೇಗೆ ಕಾಣುತ್ತದೆ, ಬೀಜವನ್ನು ಬೆಳಕಿಗೆ ಎಷ್ಟು ಓರೆ ಹಿಡಿಯಬೇಕು, ಎಲ್ಲಿ ಕೆರೆಯಬೇಕು, ಮೂಗು ದಣಿದಾಗ ಹೇಗೆ ಸೆರಗನ್ನು ಮೂಸಿ ಅದಕ್ಕೆ ವಿರಾಮ ಕೊಡಬೇಕು, ಒಂದನ್ನೂ ಬಿಡಲಿಲ್ಲ.

ಮಧ್ಯಾಹ್ನ ಹೊಂಗೆ ಮರದಡಿ ಭದ್ರಮ್ಮನ ಪಕ್ಕ ಯಾರೂ ಕೂರಲಿಲ್ಲ.

"ನೀ ಮಾತು ಕೊಟ್ಟಿದ್ದೆ ಅಕ್ಕ" ಎಂದಳು ತಿಮ್ಮಮ್ಮ ದೂರದಿಂದ.

"ಕೊಟ್ಟಿದ್ದೆ. ತಪ್ಪಿವ್ನಿ. ಬಯ್ಯಿ."

"ಬೋದ್ರೆ ಅನ್ನ ಉಟ್ತದಾ? ನಾಳೆ ಅವ್ರ ಬೀಜ ಇಲ್ಲಿಗೇ ಬಂದ್ರೆ?"

"ಬರ್ಲಿ. ಚೊಕ್ಕಾಗಿ ಬಂದ್ರೆ ಭದ್ರಿ ಕಲಿಸಿದ್ದು ಅಂತೀನಿ. ನಾರ್ಕೊಂಡು ಬಂದ್ರೆ? ಅದೂ ಭದ್ರಿ ಕಲಿಸಿದ್ದೇ ಅಲ್ವೇನೆ ತಿಮ್ಮಿ? ನಂಗೆ ಎಸ್ರು ಅಂತ ಇರೋದು ಈ ಮೂಗಿನ್ದು ಒಂದೇ. ಅದ್ನ ಮಲ್ಗೆ ಊವ್ನಾಗೆ ಮುಚ್ಚಾಕನ?"

ತಿಮ್ಮಮ್ಮ ಎದ್ದು ಬಂದು, ಉಪ್ಪಿನಕಾಯಿಯ ಡಬ್ಬಿಯನ್ನು ಭದ್ರಮ್ಮನ ಮುಂದೆ ತುಸು ಜೋರಾಗಿಯೇ ಕುಕ್ಕಿದಳು.

ಕೊನೆಯ ದಿನ ಚಂತಾಳ ಬೀಜದ ಬುಟ್ಟಿಗಳನ್ನು ರುಚಿ ನೋಡುವ ಕೋಣೆಗೆ ಒಯ್ಯಲು ಆಳುಗಳು ಬಂದರು. ಚಂತಾ ಅಡ್ಡ ನಿಂತಳು. ಅಷ್ಟು ದಿನ ಹೂ ಮುಡಿದು ಆರಿಸಿದ ಬೀಜದ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಆ ಬುಟ್ಟಿಗಳನ್ನು ಮತ್ತೆ ಕಿಟಕಿಗೆ ಎಳೆದುಕೊಂಡಳು.

"ಅದು ಬೇಕಿಲ್ಲ ಅನ್ನಿ ಸಾರ್" ಎಂದಳು ಭದ್ರಮ್ಮ ಶಿವಶಂಕರನಿಗೆ. "ದಿನಾ ಸಂಜೆ ನಾನೇ ನೋಡಿವ್ನಿ."

ಅವನು ಹೇಳಿದ. ಚಂತಾ ಕೇಳಿ, ಭದ್ರಮ್ಮನನ್ನು ಬೆರಗಿನಿಂದ ನೋಡಿದಳು. ಆದರೂ ಏಳಲಿಲ್ಲ. ಎಲ್ಲರೂ ಕೈ ಬಿಟ್ಟು ಅವಳನ್ನೇ ನೋಡುತ್ತ ಕೂತರು. ಮೊದಲ ಬುಟ್ಟಿ ಚೊಕ್ಕ. ಎರಡನೆಯದೂ ಚೊಕ್ಕ. ಮುಂದಿನ ಬುಟ್ಟಿಯ ನಡುವೆ ಅವಳ ಬೆರಳು ನಿಂತಿತು. ಒಂದು ಬೀಜವನ್ನು ಬೆಳಕಿಗೆ ಓರೆ ಹಿಡಿದಳು, ಕೆರೆದಳು, ಮೂಸಿದಳು. ಎದ್ದು ಬಂದು, ಹೇಳುವುದೋ ಬೇಡವೋ ಎಂಬಂತೆ ಅಂಗೈಯನ್ನು ಭದ್ರಮ್ಮನ ಮುಂದೆ ಹಿಡಿದಳು.

ಭದ್ರಮ್ಮ ಅದನ್ನು ಮೂಗಿಗೆ ಹಿಡಿದಳು.

"ನೋಡ್ರೇ!" ಎಂದು ಅವಳು ಕೈ ಮೇಲಕ್ಕೆತ್ತಿದಳು. ಅಷ್ಟು ವರ್ಷಗಳಲ್ಲಿ ಅವಳ ದನಿ ಆ ಹಾಲಿನಲ್ಲಿ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ. "ನನ್ ಕಣ್ತಪ್ಪಿ ಉಳ್ದಿತ್ತು ಕಣ್ರೇ! ನಾನ್ ಬುಟ್ಟಿದ್ನ ಇವ್ಳು ಇಡ್ದವ್ಳೆ!"

ಮೊದಲು ನಕ್ಕವಳು ತಿಮ್ಮಮ್ಮ. "ಅಯ್ಯೋ, ಭದ್ರಕ್ಕನ ಮೂಗೂ ತಪ್ತದೆ ಅಂತ ಒಂದಿನ ನೋಡ್ದಂಗಾಯ್ತಲ್ಲ!" ಅವಳ ಹಿಂದೆಯೇ ಹಾಲೆಲ್ಲ ನಕ್ಕಿತು. ಏನೆಂದು ತಿಳಿಯದೆ ಚಂತಾಳೂ ನಕ್ಕಳು.

ಕಾಫಿ ಪಾಸಾಯಿತು. ಒಂದಿಷ್ಟೂ ದೋಷವಿಲ್ಲವೆಂದು ಶಿವಶಂಕರ ಓಡಿ ಬಂದು ಹೇಳುವ ಹೊತ್ತಿಗೆ ಸಂಜೆಯ ಗಂಟೆ ಹೊಡೆದಿತ್ತು. ಬಾಗಿಲಲ್ಲಿ ತಿಮ್ಮಮ್ಮ ತನ್ನ ಹೂವಿಗೆ ಮೊದಲು ಕೈ ಹಾಕಲಿಲ್ಲ. ಸಾಲಿನ ಕೊನೆಯಲ್ಲಿದ್ದ ತುಂಡನ್ನು ತೆಗೆದು, ನೀರು ಒದರಿ, ಚಂತಾಳ ಮುಂದೆ ಹಿಡಿದು ಕಾದಳು. ಚಂತಾ ತಿರುಗಿ ನಿಂತು ಮುಡಿ ಕೊಟ್ಟಳು.

ಐದಾರು ವರ್ಷ ಕಳೆಯಿತು. ಭದ್ರಮ್ಮನ ತಲೆ ಪೂರಾ ನೆರೆತಿತ್ತು, ಜಾಗ ಮಾತ್ರ ಅದೇ ಕಿಟಕಿಯ ಕೆಳಗೆ. ಒಂದು ಬೆಳಿಗ್ಗೆ ಶಿವಶಂಕರ ಪೇಪರು ಹಿಡಿದು ಒಳಗೆ ಬಂದ. ಚಂತಾಳ ದೇಶವಿದ್ದ ಆ ಕೂಟದ ಜೊತೆ ನಮ್ಮ ದೇಶವೂ ಒಪ್ಪಂದಕ್ಕೆ ಸಹಿ ಹಾಕಿದೆಯೆಂದು ಓದಿದ.

"ಬಂತಲ್ಲ ಅಕ್ಕ, ನಾನೇಳಿದ್ದು" ಎಂದಳು ತಿಮ್ಮಮ್ಮ.

ಭದ್ರಮ್ಮ ಒಂದು ಬೀಜವನ್ನು ಬೆಳಕಿಗೆ ಓರೆ ಹಿಡಿದಿದ್ದಳು. ಕಣ್ಣು ತೆಗೆಯಲಿಲ್ಲ.

"ಬರ್ಲಿ ಬುಡು" ಎಂದಳು. "ಕೆರೆದು ಮೂಸ್ನೋಡನ. ನನ್ ಹುಡ್ಗಿ ಆರಿಸಿದ್ದಾದ್ರೆ ಗೊತ್ತಾಯ್ತದೆ."