ಎಂಟು ಕೈಯ ಜುಲ್ದಿ, ಮುಟ್ಟಬಾರದ ಕುರಿತಲೆ

ಬೆಳಗಿನ ಐದು ಗಂಟೆ. ತೊಯ್ಶಿಬೆಕ್ ಹೆಪ್ಪುಗಟ್ಟಿದ ಶಾಯಿಯ ಬಾಟಲಿಯನ್ನು ಚಹಾದ ಕೆಟಲಿಗೆ ಒರಗಿಸಿಟ್ಟು ಕಾಯುತ್ತಿದ್ದಾರೆ. ಏಳಕ್ಕೆ ರೈಲುಹಳಿ ತಪಾಸಣೆಯ ಕೆಲಸಕ್ಕೆ ಹೊರಡಬೇಕು, ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡಿಗೆ. ಅದಕ್ಕೆ ಮುಂಚಿನ ಎರಡು ತಾಸಿನಲ್ಲೇ, ಹನ್ನೊಂದು ವರ್ಷದಿಂದ, ಪತ್ರಿಕೆಗೆ ವಾರಕ್ಕೊಂದು ಪುಟ ಕಾಮಿಕ್ಸ್ ಬರೆಯುತ್ತಾರೆ. ಇವತ್ತು ಏಳು ಚೌಕ ಮುಗಿದಿವೆ. ಎಂಟನೆಯದು ಖಾಲಿ.

ಹತ್ತಿರದ ಉಡಾವಣಾ ನೆಲೆಯಿಂದ ಎದ್ದ ರಾಕೆಟ್ ನಮ್ಮ ಅಕ್ಕುಮ್ ಊರಿನ ಮೇಲೆ ಹಾರಿದರೆ ಒಂಟೆ ಕೂಡ ತಲೆ ಎತ್ತುವುದಿಲ್ಲ. ಆದರೆ ಶುಕ್ರವಾರ ಜಿಲ್ಲಾ ಪತ್ರಿಕೆ ಬಂದರೆ ಮಕ್ಕಳೂ ಮುದುಕರೂ ಕೊನೆಯ ಪುಟಕ್ಕೆ ಕಿತ್ತಾಡುತ್ತಾರೆ. ಅಲ್ಲಿ ಜುಲ್ದಿ ಇದ್ದಾನೆ. ಎಂಟು ಕೈ, ಮೂರು ಕಣ್ಣು. ಬೇರೆ ನಕ್ಷತ್ರದಿಂದ ಭೂಮಿ ಗೆಲ್ಲಲು ಬಂದವನು. ಹೊಸಬ ಮೊದಲು ಪ್ರತಿ ಮನೆಯಲ್ಲೂ ಉಣ್ಣಬೇಕು, ಗೆಲ್ಲುವುದೆಲ್ಲ ಆಮೇಲೆ ಎಂದು ಊರವರು ಕೂರಿಸಿಬಿಟ್ಟರು. ಹನ್ನೊಂದು ವರ್ಷವಾಯಿತು, ಪಾಪ, ಇನ್ನೂ ಉಣ್ಣುತ್ತಲೇ ಇದ್ದಾನೆ. ಪ್ರತಿ ಮನೆಯಲ್ಲೂ ಅತಿಥಿಯೇ ಕೊಯ್ದು ಹಂಚಲೆಂದು ಮರ್ಯಾದೆಯ ಬೇಯಿಸಿದ ಕುರಿತಲೆ ಮುಂದಿಟ್ಟಾಗ ಅವನದು ಒಂದೇ ಮಾತು: "ಬೇಡಿ, ನನ್ನಪ್ಪ ಬದುಕಿದ್ದಾರೆ." ಅಪ್ಪ ಇರುವವನು ಆ ತಲೆಗೆ ಕತ್ತಿ ಹಾಕಬಾರದು, ಅದು ನಮ್ಮಲ್ಲಿ ಕೂಸಿಗೂ ಗೊತ್ತು. ಅಷ್ಟರಲ್ಲಿ ದೂರದ ನಕ್ಷತ್ರದಿಂದ ರೇಡಿಯೋದಲ್ಲಿ ಆ ಅಪ್ಪನ ಬೈಗುಳ ಶುರು.

ಆ ಬೈಗುಳ ಯಾವುದೂ ಕಲ್ಪಿಸಿದ್ದಲ್ಲ. ತೊಯ್ಶಿಬೆಕ್ ಅವರ ತಂದೆ ಸಗಿಂದಿಕ್ ಅಜ್ಜ ಒಲೆಯ ಪಕ್ಕ ಕೂತು ಮಗನಿಗೆ ಬೈದದ್ದೇ ವಾರದ ಕೊನೆಗೆ ಅಚ್ಚಾಗುತ್ತಿತ್ತು. ಅಜ್ಜ ಓದಿ, ನಗದೆ, ಪತ್ರಿಕೆ ಮಡಚಿ ದಿಂಬಿನಡಿ ಇಡುತ್ತಿದ್ದರು. ಚಳಿಗಾಲದ ಮೊದಲಲ್ಲಿ ತೀರಿಕೊಂಡರು. ಮಣ್ಣು ಮಾಡುವಾಗ ಮಗ ಅಳಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಹಿರಿಯರು ಕುರಿತಲೆಯನ್ನು ಮೊದಲ ಸಲ ತೊಯ್ಶಿಬೆಕ್ ಮುಂದಿಟ್ಟರು. "ಐವತ್ತೆರಡು ವರ್ಷ ಬೇಡ ಅಂದಿದ್ದೆ. ಅವತ್ತು ಬೇಡ ಅನ್ನೋಕೆ ಅಪ್ಪನೇ ಇರ್ಲಿಲ್ಲ," ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಎಂದಿನಂತೆ ಕೂತು ಬರೆದರು. ಬರೆದದ್ದೇನು? ಜುಲ್ದಿ ಕುರಿತಲೆಯನ್ನು ಎಂಟೂ ಕೈಯಲ್ಲಿ ಹಿಡಿದು ಕೊಯ್ಯುತ್ತಿದ್ದಾನೆ. ಅದರರ್ಥ ಅವರಿಗೂ ತಿಳಿಯಲಿಲ್ಲ, ಪತ್ರಿಕೆಯ ಸಂಪಾದಕಿ ಕಾಮ್‌ಷಾತ್‌ಗೂ ತಿಳಿಯಲಿಲ್ಲ, ಕರಡು ತಿದ್ದಿದ ನನಗಂತೂ ಇಲ್ಲವೇ ಇಲ್ಲ. ನಾಚಿಕೆಯಾಗುತ್ತದೆ.

ಊರಿಗೆ ತಿಳಿಯಿತು. ಮೂರನೇ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಳು: ಜುಲ್ದಿಯ ಅಪ್ಪ ಯಾವಾಗ ಸತ್ತರು, ನಮಗೇಕೆ ಹೇಳಲಿಲ್ಲ? ಶನಿವಾರ ಮೂವರು ಮುದುಕರು ಒಳ್ಳೆಯ ಕೋಟು ತೊಟ್ಟು ತೊಯ್ಶಿಬೆಕ್ ಮನೆಗೆ ಬಂದರು. ಜುಲ್ದಿಯ ಅಪ್ಪನ ಸಾವಿಗೆ ಸಂತಾಪ ಹೇಳಲು! ನಗಬೇಕೋ ಅಳಬೇಕೋ? ಆದರೆ ಅವರ ಮುಖದಲ್ಲಿ ತಮಾಷೆಯಿರಲಿಲ್ಲ. ತೊಯ್ಶಿಬೆಕ್ ಬಾಗಿಲಲ್ಲೇ ಕೂತು, ಅವತ್ತು ಬಾಯಿಬಿಟ್ಟು ಅತ್ತರು.

ಕತೆ ನಿಲ್ಲಿಸುತ್ತೇನೆ, ಬೈಯುವವರೇ ಇಲ್ಲ, ಮಾತು ಎಲ್ಲಿಂದ ತರಲಿ ಎಂದರಂತೆ ತೊಯ್ಶಿಬೆಕ್. ಮೂವರಲ್ಲಿ ಹಿರಿಯರಾದ ಓರಕ್ ಅಜ್ಜ ಅವರ ಪಕ್ಕದಲ್ಲೇ ಕೂತರು.

"ನಿಮ್ಮಪ್ಪ ನಿನಗೆ ಬೈದದ್ದು ಐವತ್ತು ವರ್ಷ ಕಣಪ್ಪಾ," ಎಂದರು. "ಜೊತೆಗೇ ಬೆಳೆದ ನನಗೆ ಬೈದದ್ದು ಎಪ್ಪತ್ತು ವರ್ಷ. ಸಾಲದಿದ್ದರೆ ಬಾ, ಹೇಳ್ತೀನಿ."

ಅಂದಿನಿಂದ ತೊಯ್ಶಿಬೆಕ್ ಕೆಲಸ ಮುಗಿಸಿ ಓರಕ್ ಅಜ್ಜನಲ್ಲಿಗೆ ಹೋಗಿ ಬರೆದುಕೊಳ್ಳುತ್ತಾರೆ. ನೋಟುಪುಸ್ತಕದ ಒಂಬತ್ತು ಪುಟ ತುಂಬಿದೆ. "ನನಗೆ ಗೊತ್ತಿಲ್ಲದ ಬೈಗುಳವೇ ಜಾಸ್ತಿ," ಎಂದು ತೋರಿಸುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ.

ಶಾಯಿ ಕರಗಿದೆ. ಎಷ್ಟು ದಿನ ಬರೆಯುತ್ತೀರಿ ಎಂದು ಕೇಳುತ್ತೇನೆ. "ಅಪ್ಪ ನನಗಂತೂ ಇಲ್ಲ. ಜುಲ್ದಿಗಾದ್ರೂ ಇರಲಿ," ಎನ್ನುತ್ತಾ ಎಂಟನೆಯ ಚೌಕದಲ್ಲಿ ರೇಡಿಯೋ ಬರೆಯುತ್ತಾರೆ. ಅದರ ಮೇಲೆ, ನಿಧಾನವಾಗಿ, ಅಕ್ಷರ ಮೂಡುತ್ತದೆ:

"ಯಾವನೋ ನಾನು ಸತ್ತೆ ಅಂದವನು? ಕತ್ತಿ ಕೆಳಗಿಡು, ಕತ್ತೆ."