ಇಪ್ಪತ್ತೈದಕ್ಕಿಂತ ಕೆಳಗೆ

ಬೆಳಗಿನ ಆರು ಗಂಟೆ. ವೇಲ್ಸ್‌ನ ಕಣಿವೆಯೂರೊಂದರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಐರ್ವೆನ್ ಪ್ರೊಸರ್ ಗಾಜಿನ ಕೊಳವೆಯೊಂದನ್ನು ದೀಪಕ್ಕೆ ಹಿಡಿದು ಮೆಲ್ಲಗೆ ಓರೆ ಮಾಡುತ್ತಾರೆ. ಕೊಳವೆಯ ಹಿಂದೆ ಒಮ್ಮೆ ಕಪ್ಪು ಹಲಗೆ, ಒಮ್ಮೆ ಬಿಳಿ ಹಲಗೆ. ಹುಡುಕುವುದು ಒಂದನ್ನೇ, ಹರಳನ್ನು.

ಮೆದುಳಿಗೆ ವೈರಾಣು ಹತ್ತಿದವರು ಮನೆಯಲ್ಲೇ ಚೇತರಿಸಿಕೊಳ್ಳಲೆಂದು ಆಸ್ಪತ್ರೆ ಒಂದು ಬಾಟಲಿ ಕೊಟ್ಟು ಕಳಿಸುತ್ತದೆ. ಒಳಗೆ ರಬ್ಬರ್ ಬಲೂನು, ಅದರ ತುಂಬ ಅಸೈಕ್ಲೊವಿರ್ ದ್ರಾವಣ. ಸೊಂಟದ ಚೀಲದಲ್ಲಿಟ್ಟುಕೊಂಡರೆ ಬಲೂನು ತಾನೇ ಕುಗ್ಗುತ್ತ ಔಷಧವನ್ನು ರಕ್ತನಾಳಕ್ಕೆ ಇಳಿಸುತ್ತದೆ. ಆ ಔಷಧ ಎಷ್ಟು ದಿನ ಕೆಡದೆ ಉಳಿಯುತ್ತದೆ, ಮೈಬಿಸಿಗೆ ಏನಾಗುತ್ತದೆ, ಚಳಿಗೆ ಏನಾಗುತ್ತದೆ ಎಂದು ಐರ್ವೆನ್ ಇಪ್ಪತ್ತೆಂಟು ವರ್ಷದಿಂದ ನೋಡುತ್ತಿದ್ದಾರೆ. ದಿನಕ್ಕೆ ನಲವತ್ತು ಮಾದರಿ. ಕಣ್ಣು ಸವೆದದ್ದು ಇವರದು, ವರದಿಯ ಮೇಲಿನ ಹೆಸರು ಮಾತ್ರ ಡಾಕ್ಟರುಗಳದು.

“ಬಿಡಿ, ಹೆಸರು ಕಟ್ಕೊಂಡು ಏನ್ ಮಾಡ್ಲಿ? ಓದೋರಾದ್ರೂ ಇದಾರಾ?” ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಅಸೈಕ್ಲೊವಿರ್‌ಗೆ ಫ್ರಿಜ್ ಆಗುವುದಿಲ್ಲ, ತಣ್ಣಗಾದರೆ ಹರಳುಗಟ್ಟುತ್ತದೆ. ಐರ್ವೆನ್ ಅದನ್ನು ಕಂಡರು, ಬರೆದರು. ಅದು ವರದಿಯ ಹದಿನೇಳನೇ ಪುಟದಲ್ಲಿ ಹೂತುಹೋಯಿತು. ಬಾಟಲಿಯ ಚೀಟಿಯ ಮೇಲೆ ಬಂದದ್ದು ಇಲಾಖೆಯ ಎಂದಿನ ಒಕ್ಕಣೆ: ‘25 ಡಿಗ್ರಿಗಿಂತ ಕೆಳಗೆ ಇಡಿ.’ ಔಷಧದವರ ಲೆಕ್ಕದಲ್ಲಿ ಹಾಗೆಂದರೆ ಮಾಮೂಲಿ ಕೋಣೆಯ ಶೆಲ್ಫು. ಆ ಸಾಲನ್ನು ಟೈಪು ಮಾಡಿ ಸಹಿ ಹಾಕಿದವರು ಇದೇ ಐರ್ವೆನ್.

ಕಳೆದ ಚಳಿಗಾಲದಲ್ಲಿ ಇದೇ ಊರಿನ ಇದ್ವಾಲ್ ಆಸ್ಪತ್ರೆಯಿಂದ ಇಂಥ ಬಾಟಲಿಗಳೊಂದಿಗೆ ಮನೆಗೆ ಬಂದ. ಬಸ್ ಚಾಲಕ, ಊರ ಪುಟ್ಟ ಚರ್ಚು ಚಾಪೆಲ್ಲಿನ ಗಾಯಕವೃಂದದ ಮಂದ್ರದ ದನಿ. ಹೆಂಡತಿ ಮೈರ್ ಚೀಟಿ ಓದಿ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಜೋಡಿಸಿಟ್ಟಳು. ಹಿಮ ಬಿದ್ದು ನರ್ಸ್ ಬರಲಾಗದ ಎರಡು ದಿನ ತಾನೇ ಬಾಟಲಿ ಬದಲಿಸಿದಳು. ಹರಳು ನಳಿಕೆಗೆ ಸಿಕ್ಕಿಕೊಂಡು ಬಲೂನು ಉಬ್ಬಿದ್ದು ಉಬ್ಬಿದಂತೆಯೇ ಇತ್ತು. ಮೂರನೇ ದಿನ ಇದ್ವಾಲ್ ಹೆಂಡತಿಯನ್ನು ನೋಡಿ ನೀವ್ಯಾರು ಎಂದ.

ವಿಚಾರಣೆ ನಡೆಯಿತು. ಮನೆಯವರ ನಿರ್ಲಕ್ಷ್ಯ ಎಂದು ಬರೆದು ಕೈ ತೊಳೆದುಕೊಂಡರು. ಮೈರ್ ಚಾಪೆಲ್ಲಿನ ಬಾಗಿಲಲ್ಲೇ ಐರ್ವೆನ್‌ರನ್ನು ತಡೆದು ನಿಲ್ಲಿಸಿದಳು.

“ಇಪ್ಪತ್ತೈದಕ್ಕಿಂತ ಕೆಳಗೆ ಅಂತ ತಾನೇ ಬರ್ದಿದ್ದು? ಫ್ರಿಜ್ಜು ಕೆಳಗಲ್ವೇನೇ ಐರ್ವೆನ್? ನಾನೇನು ತಪ್ಪು ಓದಿದ್ನಾ?”

ಮರುದಿನದಿಂದ ಐರ್ವೆನ್ ಹೊರಗೆ ಹೋಗುವ ಪ್ರತಿ ಬಾಟಲಿಯ ಮೇಲೂ ಕೆಂಪು ಶಾಯಿಯಲ್ಲಿ ಕೈಯಾರೆ ಬರೆಯುತ್ತಿದ್ದಾರೆ: ‘ಫ್ರಿಜ್ ಬೇಡ.’ ಚೀಟಿಯ ಮೇಲೆ ಗೀಚುವುದು ನಿಯಮಕ್ಕೆ ವಿರುದ್ಧವಂತೆ. ಎರಡು ಎಚ್ಚರಿಕೆ ಪತ್ರ ಬಂದಿವೆ. ಹೊಸ ಚೀಟಿ ಮಾತ್ರ ಹನ್ನೊಂದು ತಿಂಗಳಿಂದ ‘ಪರಿಶೀಲನೆಯಲ್ಲಿದೆ’. ಎಂಥ ಪರಿಶೀಲನೆಯೋ ದೇವರಿಗೇ ಗೊತ್ತು.

ಮಾರ್ಚ್‌ನಲ್ಲಿ ಐರ್ವೆನ್ ನಿವೃತ್ತರಾಗುತ್ತಾರೆ. ಆಮೇಲೆ ಕೆಂಪು ಶಾಯಿ ಹಿಡಿಯುವವರಿಲ್ಲ. ಬೀಳ್ಕೊಡುಗೆಗೆ ಏನು ಬೇಕೆಂದು ಸಹೋದ್ಯೋಗಿಗಳು ಕೇಳಿದ್ದಾರೆ. ಚೀಟಿಯಲ್ಲಿ ಆ ಎರಡು ಪದ ಅಚ್ಚಾಗಿ ಬಂದರೆ ಸಾಕು, ಕೇಕು ನೀವೇ ತಿನ್ನಿ ಎಂದಿದ್ದಾರೆ ಐರ್ವೆನ್.

ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾರೆ.

“ಇದ್ವಾಲ್ ಈಗ್ಲೂ ಭಾನುವಾರ ಚಾಪೆಲ್‌ಗೆ ಹಾಡೋಕೆ ಬರ್ತಾನೆ. ರಾಗ ಒಂದ್ಚೂರೂ ತಪ್ಪಲ್ಲ, ಪದ ಒಂದೂ ನೆನಪಿಲ್ಲ. ಅವತ್ತು ನಾನು ಎರಡು ಪದ ಜಾಸ್ತಿ ಟೈಪ್ ಮಾಡಿದ್ರೆ, ಅವನ ಪದಗಳೆಲ್ಲ ಉಳೀತಿದ್ವು.”